ಬೆಚ್ಚಗಿದ್ದ ಗೋಡೆ

ಪಡಸಾಲೆಯ ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿತ್ತು. ಅದರಾಚೆ ಬೆಳಕಿರಲಿಲ್ಲ, ಬೀದಿಯಿರಲಿಲ್ಲ, ಹುಲ್ಲಿತ್ತು. ಒತ್ತಿ ಕಟ್ಟಿದ ಬತ್ತದ ಹುಲ್ಲು ಗಾಜಿಗೆ ಮುಖವಿಟ್ಟುಕೊಂಡು ಸುಮ್ಮನಿತ್ತು. ಹುಲ್ಲಿನ ಮನೆ ಕಟ್ಟುವವರು ಒಂದು ಕಡೆ ಗಿಲಾವು ಬಳಿಯದೆ ಹೀಗೆ ಗಾಜು ಕೂಡಿಸುವುದುಂಟು, ಬಂದವರು ಗೋಡೆಯೊಳಗೆ ಏನಿದೆಯೆಂದು ಕಣ್ಣಾರೆ ನೋಡಲಿ ಎಂದು. ಚೆನ್ನವೀರ ಅದನ್ನು ನಿಜದ ಕಿಂಡಿ ಎನ್ನುತ್ತಿದ್ದರು.

ಚೆನ್ನವೀರ ನನ್ನ ಗಂಡ. ಆ ಮನೆಯನ್ನು ಸೂರಿನ ತನಕ ಕಟ್ಟಿದವರು ಅವರೇ. ಕಲ್ಲಿನ ತಳಪಾಯ, ಅದರ ಮೇಲೆ ಇಟ್ಟಿಗೆಯಂತೆ ಪೇರಿಸಿದ ಹುಲ್ಲಿನ ಪೆಂಡಿಗಳು, ಪೆಂಡಿಗಳನ್ನು ಒಂದಕ್ಕೊಂದು ಹೊಲಿದ ಹಾಗೆ ಮೇಲಿಂದ ಇಳಿಸಿದ ಬಿದಿರ ಗೂಟಗಳು. ಒಂದು ಮೊಳ ದಪ್ಪದ ಗೋಡೆ. ಒಳಗೂ ಹೊರಗೂ ಮಣ್ಣು ಬಳಿಯುವುದಷ್ಟೇ ಉಳಿದಿತ್ತು.

ಊರವರಿಗೆ ಅದು ಮೇವಿನ ಮನೆ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಮೇಸ್ತ್ರಿ ದುರ್ಗಪ್ಪನೇ.

"ಅಣ್ಣಾರ, ಗೃಹಪ್ರವೇಶಕ್ಕೆ ಆಕಳು ಒಳಗ ಬಿಡ್ತೀರಲ್ಲ, ಅದು ಹೊರಗ ಬರಂಗಿಲ್ಲ ನೋಡ್ರಿ. ಪಡಸಾಲೆ ತಿಂದು ಮುಗಿಸಿ ಅಡಿಗೆಮನೆಗೆ ಹೋಗ್ತತಿ."

"ಮೊದಲು ನಿನ್ನನ್ನೇ ಬಿಡ್ತೀನಿ ಬಾ," ಎನ್ನುತ್ತಿದ್ದರು ಚೆನ್ನವೀರ. "ನೀನು ತಿನ್ನದೆ ಹೊರಗೆ ಬಂದ್ರೆ ಆಕಳದ್ದು ಆಮೇಲೆ ನೋಡೋಣ."

ನಗು ಮುಗಿದ ಮೇಲೆ ಪ್ರತಿಸಲವೂ ಅದೇ ಮಾತು. ಹುಲ್ಲಿಗೆ ನೀರು ತಾಗಬಾರದು. ಒಣಗಿದ್ದರೆ ಈ ಗೋಡೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ನೆನೆದರೆ ಒಂದು ಚಳಿಗಾಲ ದಾಟುವುದಿಲ್ಲ.

ಗಿಲಾವು ಶುರುವಾಗುವ ಮೊದಲು ಅವರಿಗೆ ಜ್ವರ ಬಂತು. ಅದರಿಂದ ಅವರು ಏಳಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಲ್ಲಿ ಏನೂ ಇಲ್ಲ.

ಕೆಲಸ ನಿಲ್ಲಿಸುವಂತಿರಲಿಲ್ಲ. ಬರಿಮೈಯಲ್ಲಿ ನಿಂತ ಹುಲ್ಲಿನ ಗೋಡೆ ಮಳೆ ಕಂಡರೆ ಮುಗಿಯಿತು. ಬಾಡಿಗೆ ಮನೆಯನ್ನು ಆಗಲೇ ಬಿಟ್ಟುಕೊಟ್ಟಾಗಿತ್ತು. ಅತ್ತೆ ಗೌರಮ್ಮನಿಗೂ ನನಗೂ ಸೂರು ಅಂತಿದ್ದುದು ಅದೊಂದೇ. ಚೆನ್ನವೀರರ ಕೈ ಸೋಕಿದ್ದೆಂದು ಉಳಿದದ್ದೂ ಅದೊಂದೇ. ದುರ್ಗಪ್ಪ ನಗುವುದನ್ನು ಬಿಟ್ಟು ಮಣ್ಣು ಬಳಿದ. ಗಾಜು ಕೂಡಿಸಿದ. ಚಳಿ ಹಿಡಿಯುವ ಹೊತ್ತಿಗೆ ನಾವಿಬ್ಬರೂ ಒಳಗಿದ್ದೆವು. ಆಕಳನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ಗಾಜು ಮಸುಕಾಗಿತ್ತು. ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಬೆರಳಿಟ್ಟು ನೋಡಿದೆ. ನನ್ನ ಕಡೆ ಗಾಜು ಒಣಗಿತ್ತು. ಹಬೆ ಕೂತದ್ದು ಆ ಕಡೆ. ಯಾರೋ ಒಳಗಿನಿಂದ ಗಾಜಿಗೆ ಬಾಯಿಟ್ಟು ಉಸಿರು ಬಿಟ್ಟು, ಸರಿದು ನಿಂತ ಹಾಗೆ.

ಗಾಜಿನ ಕೆಳಗೆ, ನನ್ನ ಎದೆಯ ಎತ್ತರದಲ್ಲಿ, ಗೋಡೆ ಬೆಚ್ಚಗಿತ್ತು. ಉಳಿದ ಗೋಡೆಯೆಲ್ಲ ಚಳಿಗೆ ತಣ್ಣಗೆ ಕೊರೆಯುತ್ತಿರುವಾಗ ಅಷ್ಟು ಜಾಗ ಮಾತ್ರ ಬೆಚ್ಚಗೆ. ಬಿಸಿಲಿನ ಬಿಸಿಯಲ್ಲ, ಒಲೆಯ ಬಿಸಿಯಲ್ಲ. ಮಲಗೆದ್ದ ಹಾಸಿಗೆಯಲ್ಲಿ ಉಳಿದಿರುತ್ತದಲ್ಲ, ಅಂಥದ್ದು.

ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವಳು. ಒದ್ದೆ ಹುಲ್ಲು ಒಳಗೊಳಗೇ ಕಾಯುತ್ತದೆ, ಕಾದು ಕಾದು ಬಣವೆಗೆ ತಾನಾಗಿ ಬೆಂಕಿ ಬೀಳುವುದೂ ಉಂಟು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದು ಒಂದು ಕಡೆ ಇತ್ತು, ಅಂಗೈ ಇನ್ನೊಂದು ಕಡೆ. ಅಂಗೈಯನ್ನು ತೆಗೆಯಲಿಲ್ಲ. ಮಾರನೆಯ ದಿನ ಕೆನ್ನೆಯಿಟ್ಟೆ. ಆಮೇಲೆ ಮಧ್ಯಾಹ್ನಗಳಲ್ಲಿ ಸ್ಟೂಲು ಹಾಕಿಕೊಂಡು ಅಲ್ಲಿಗೆ ಬೆನ್ನು ಕೊಟ್ಟು ಕೂರುವುದು ರೂಢಿಯಾಯಿತು. ಒಳಗೆ ಹುಲ್ಲು ಆಗಾಗ ಸಣ್ಣಗೆ ಚಟಗುಟ್ಟುತ್ತಿತ್ತು. ಮಗ್ಗುಲು ಬದಲಿಸುವವರ ಬೆರಳ ಗೆಣ್ಣು ಲಟಕ್ಕೆಂದ ಹಾಗೆ.

ಒಂದು ಮಧ್ಯಾಹ್ನ ಅಲ್ಲಿ ಅತ್ತೆ ಇದ್ದರು. ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದರು.

"ಸಾಕೇನೋ?" ಎಂದು ಕೇಳುತ್ತಿದ್ದರು. "ಇನ್ನೊಂಚೂರು ಹಾಕ್ಲಾ?"

ನಾನು ಬಾಗಿಲಲ್ಲೇ ಹಿಂದೆ ಸರಿದೆ. ಅವರು ನನ್ನನ್ನು ಕಂಡರು. ಅಂದಿನಿಂದ ಮಧ್ಯಾಹ್ನ ನನ್ನದು, ಸಂಜೆ ಅವರದು ಎಂಬಂತಾಯಿತು. ನಾನು ಹೊತ್ತು ಮೀರಿ ಕೂತರೆ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ಸುಣ್ಣ ಬಳಿಯಲು ಬಂದ ದುರ್ಗಪ್ಪ ಕುಂಚ ಅದ್ದುವ ಮೊದಲು ಗೋಡೆ ತಟ್ಟುತ್ತ ಬಂದ. ಗಾಜಿನ ಕೆಳಗೆ ಕೈಯಿಟ್ಟವನು ಫಕ್ಕನೆ ಹಿಂದಕ್ಕೆ ತೆಗೆದುಕೊಂಡ.

"ಅಕ್ಕಾರ, ಇಲ್ಲಿ ಕೈ ಇಟ್ಟು ನೋಡೀರೇನು?"

"ನೋಡಿದೀನಿ."

"ಒಳಗ ಕೊಳಿಯಾಕತ್ತೇತಿ. ಈಗ ಕೊರೆದು ತೆಗೆದ್ರ ಎರಡು ಪೆಂಡಿ ಹೋಗ್ತಾವು. ಬಿಟ್ರ ಗೋಡೆ ಹೋಗ್ತತಿ, ಗೋಡೆ ಹಿಂದ ಸೂರು ಹೋಗ್ತತಿ."

"ಈ ಚಳಿ ಮುಗೀಲಿ ದುರ್ಗಪ್ಪ."

ಅವನು ನನ್ನ ಮುಖ ನೋಡಿದ. ಅತ್ತೆಯ ಮುಖ ನೋಡಿದ. ಏನನ್ನು ಕಂಡನೋ, ಕುಂಚವನ್ನು ಒದರಿ ಬಾಗಿಲ ಹೊರಗಿಟ್ಟು, "ಸುಣ್ಣ ಆಮೇಲೆ ಬಳದ್ರಾತು," ಎಂದು ಹೊರಟುಹೋದ.

ಆ ವಾರವೇ ಗಾಜಿನಲ್ಲಿ ಬೆರಳುಗಳು ಕಂಡವು.

ಹಬೆಯ ಹಿಂದೆ, ಬೆಳ್ಳಗೆ, ಸಣಕಲಾಗಿ, ತುದಿ ಬಾಗಿಸಿಕೊಂಡು ಗಾಜಿಗೆ ಒತ್ತಿ ನಿಂತಿದ್ದವು. ನಾನು ಅಲ್ಲಾಡದೆ ನೋಡುತ್ತ ನಿಂತೆ. ಕಣ್ಣು ಒಗ್ಗಿದ ಮೇಲೆ ಒಂದೊಂದರ ತುದಿಯಲ್ಲೂ ಒಡೆದ ಬೇಳೆಯೊಂದು ಕಾಣಿಸಿತು. ಮೊಳಕೆ. ಬೆಳಕು ಹುಡುಕಿಕೊಂಡು ಬಂದ ಹೆಸರುಕಾಳಿನ ಮೊಳಕೆ.

ಬತ್ತದ ಹುಲ್ಲಿನಲ್ಲಿ ಹೆಸರುಕಾಳು ಎಲ್ಲಿಂದ ಬಂತು?

"ಅತ್ತೆ, ಗೋಡೆಯೊಳಗೆ ಏನಿಟ್ಟಿದೀರಿ?"

ಅವರು ನನ್ನ ಹಿಂದೆಯೇ ನಿಂತಿದ್ದರು. ಹೇಳಿದರು, "ಅವನ ಪಾಲು."

ಅತ್ತೆಯ ತೌರಿನ ಕಡೆ ಹಾಗೊಂದು ಪದ್ಧತಿ. ಕಟ್ಟುತ್ತಿರುವ ಮನೆ ಮುಗಿಯುವ ಮೊದಲೇ ಕಟ್ಟಿದವನು ಹೋದರೆ, ಅವನಿಗೊಂದು ಪಾಲನ್ನು ಗೋಡೆಯಲ್ಲಿಟ್ಟು ಮುಚ್ಚುತ್ತಾರೆ. ಹೊಸ ಮಡಕೆ, ನೆನೆಸಿದ ಕಾಳು, ಹಾಲು, ನೀರು, ಅವನು ಉಟ್ಟ ಪಂಚೆಯನ್ನು ತೊಯಿಸಿ ಅದರ ಸುತ್ತ. ಇಲ್ಲದಿದ್ದರೆ ಅವನು ಹೊಸ್ತಿಲಾಚೆಯೇ ನಿಂತಿರುತ್ತಾನಂತೆ, ಒಳಗೆ ಜಾಗವಿಲ್ಲದೆ. ಆ ಊರುಗಳಲ್ಲಿ ಗೋಡೆ ಕಲ್ಲಿನದು. ಕಲ್ಲಿಗೆ ಏನೂ ಆಗುವುದಿಲ್ಲ. ದುರ್ಗಪ್ಪ ಊಟಕ್ಕೆ ಹೋಗಿದ್ದಾಗ ಅತ್ತೆ ಎರಡು ಪೆಂಡಿಗಳ ನಡುವಿನ ಪೊಳ್ಳಿನಲ್ಲಿ ಮಡಕೆಯಿಟ್ಟು, ಮೇಲೆ ಹುಲ್ಲು ತುರುಕಿದ್ದರು.

"ನೀರು ತಾಗಬಾರದು ಅಂತ ಅವರು ದಿನಾ ಹೇಳ್ತಿದ್ರಲ್ಲ ಅತ್ತೆ."

"ಅದು ನೀರಲ್ಲ ತಾಯಿ. ಅವನ ಪಾಲು." ಆಮೇಲೆ, ಗೋಡೆಯ ಮೇಲೆ ಕೈಯಿಟ್ಟು, "ಇಟ್ಟ ಮೇಲೆ ಗೋಡೆ ಬೆಚ್ಚಗಾತು. ಬಂದ ಅಂದ್ಕಂಡೆ. ಬಂದವನ್ನ ಉಪಾಸ ಹೆಂಗೆ ಕೆಡವ್ಲಿ?"

ಗಾಜಿನ ಚೌಕಟ್ಟಿನ ಮೇಲೆ ಒಂದು ಸಂದಿ. ಸಂಜೆ ಸಂಜೆ ಅಲ್ಲಿಂದ ಒಂದೊಂದು ಬಟ್ಟಲು ಗಂಜಿ ಒಳಗಿಳಿದಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಬರುತ್ತಿರಲಿಲ್ಲ. ಗಂಜಿ ಬೇಡ ಅತ್ತೆ ಎಂದಷ್ಟೇ ಹೇಳಿದೆ. ಕೊರೆಸೋಣ ಎನ್ನಲಿಲ್ಲ. ಕಾರಣ ಏನೆಂದು ಈಗ ತಿಳಿದಿದೆಯಲ್ಲ, ಮಧ್ಯಾಹ್ನ ಬೆನ್ನು ಕೊಟ್ಟು ಕೂರಲು ಏನಡ್ಡಿ ಎಂದುಕೊಂಡು ಮತ್ತೆ ಅಲ್ಲೇ ಕೂತೆ.

ಆದರೆ ಬೆಚ್ಚಗಿದ್ದುದು ಬಿಸಿಯಾಗುತ್ತ ಬಂತು. ಮೊಳಕೆಗಳು ಕಂದಿ ಗಾಜಿಗೇ ಅಂಟಿಕೊಂಡವು. ವಾಸನೆ ಬದಲಾಯಿತು, ಮೊದಲಿನ ಹುಳಿವಾಸನೆ ಹೋಗಿ, ತಳ ಹತ್ತಿದ ಅನ್ನದ್ದು.

ಬೆಳಗಿನ ಜಾವ ಎದ್ದಾಗ ಅತ್ತೆಯ ಚಾಪೆ ಖಾಲಿಯಿತ್ತು. ಪಡಸಾಲೆಯಲ್ಲಿ ಅವರು ಮಂಡಿಯೂರಿ ಕೂತಿದ್ದರು. ಪಕ್ಕದಲ್ಲಿ ನೀರಿನ ಬೋಗುಣಿ. ಒಂದು ಬಿಳಿ ಬಟ್ಟೆಯನ್ನು ಅದ್ದಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಗೋಡೆಗೆ ಒತ್ತಿ ಹಿಡಿಯುತ್ತಿದ್ದರು. ಬಟ್ಟೆಯಿಂದ ಹಬೆ ಏಳುತ್ತಿತ್ತು. ಮತ್ತೆ ಅದ್ದುತ್ತಿದ್ದರು. ಅವರ ಎಡಗೆನ್ನೆ ಕೆಂಪಗೆ ಸುಟ್ಟಿತ್ತು.

"ಮೈ ಕೆಂಡ ಆಗೇತಿ," ಎಂದರು ತಿರುಗದೆ. "ಮತ್ತ ಜ್ವರ ಬಂದೇತಿ ನನ್ ಕೂಸಿಗೆ. ಆವತ್ತಿನಂಗೇ. ಇಳಿಯವಲ್ದು."

ಹಿಂದೆಯೂ ಅವರು ಹೀಗೇ ಕೂತಿದ್ದರು. ಇದೇ ಬೋಗುಣಿ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಆ ಜ್ವರವನ್ನು ನಾನು ಕೊನೆಯ ತನಕ ನೋಡಿದ್ದೆ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಈ ಗೋಡೆಗಾಗಿ ಈ ಮುದುಕಿಯೂ ಸುಟ್ಟುಹೋಗುವುದನ್ನು ನೋಡುವುದಂತೂ ಸಾಧ್ಯವೇ ಇರಲಿಲ್ಲ.

ನಾನು ಅವರ ಪಕ್ಕ ಕೂತು ಬಟ್ಟೆ ಹಿಡಿದ ಕೈಯನ್ನು ಹಿಡಿದುಕೊಂಡೆ.

"ಬಟ್ಟೆಗೆ ಇಳಿಯಲ್ಲ ಅತ್ತೆ. ಒಳಗೆ ಗಾಳಿ ಇಲ್ಲ. ಹೊರಗೆ ತರೋಣ."

"ಹೊರಗ ತಂದ್ರ ಹೋಗ್ತಾನ."

"ಹೋಗ್ಲಿ ಅತ್ತೆ. ಬೇಯೋದು ಬೇಡ."

ಅವರು ನನ್ನನ್ನು ನೋಡಿದರು. ಆಮೇಲೆ ಬಟ್ಟೆಯನ್ನು ಬೋಗುಣಿಯಲ್ಲಿ ಬಿಟ್ಟರು.

ಹೇಳಿಕಳಿಸಿದ ಕೂಡಲೇ ದುರ್ಗಪ್ಪ ಬಂದ. ಮೇಲಿನ ಪೆಂಡಿಗಳು ಜರಿಯದಂತೆ ಹಲಗೆ ಕೊಟ್ಟು, ಕೊಡಗಳಲ್ಲಿ ನೀರು ತಂದಿಟ್ಟುಕೊಂಡು, ಹಾರೆಯನ್ನು ನನ್ನ ಕಡೆ ಚಾಚಿದ. ಮೊದಲ ಏಟು ನಾನು ಹಾಕಿದೆ. ಗಾಜು ತನ್ನ ಚೌಕಟ್ಟಿನೊಂದಿಗೆ ಕಳಚಿ ಬಿತ್ತು, ಒಡೆಯಲಿಲ್ಲ. ಒಳಗಿನ ಹುಲ್ಲು ಕಪ್ಪಗೆ, ನಡುವಿನಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು. ಇನ್ನೆರಡು ದಿನ ತಡೆದಿದ್ದರೆ ಹೊತ್ತಿಕೊಳ್ಳುತ್ತಿತ್ತು ಎಂದು ದುರ್ಗಪ್ಪ ಮೆಲ್ಲಗೆ ಹೇಳಿದ. ಅತ್ತೆ ಹೊರಗಡೆ ನಿಂತು, ಆ ಬದಿಯ ಮಣ್ಣನ್ನು ಕುಡುಗೋಲಿನಿಂದ ಕೆರೆದರು. ಮಡಕೆ ಸಿಕ್ಕಾಗ ಅದನ್ನು ಅವರೇ ಎತ್ತಿಕೊಂಡರು. ಅದರಲ್ಲಿ ಏನೂ ಉಳಿದಿರಲಿಲ್ಲ. ಪಂಚೆ ಕೈಯಲ್ಲೇ ಪುಡಿಯಾಯಿತು.

ಕೊನೆಯ ಕಂತೆಯನ್ನು ಎಳೆದಾಗ ಗೋಡೆಯಲ್ಲಿ ಆಚೆಗೂ ಈಚೆಗೂ ದಾರಿಯಾಯಿತು. ತಣ್ಣನೆಯ ಗಾಳಿ ನುಗ್ಗಿತು. ಆ ತೂತಿನ ಆ ತುದಿಯಲ್ಲಿ, ಬೆಳಗಿನ ಬಿಸಿಲಿನಲ್ಲಿ, ಅತ್ತೆಯ ಮುಖವಿತ್ತು. ಕೆನ್ನೆಯ ಮೇಲೆ ಬೊಬ್ಬೆ, ಹುಬ್ಬಿನ ಮೇಲೆ ಮಣ್ಣು. ಇಷ್ಟು ಹತ್ತಿರದಿಂದ ನಾವು ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ.

ಅವರು ಗೋಡೆಯೊಳಗೆ ಕೈ ಚಾಚಿದರು. ಒಂದು ಮೊಳ ಹುಲ್ಲನ್ನು ದಾಟಿ ಆ ಕೈ ನನ್ನ ತನಕ ಬಂತು. ಅಂಗೈಯ ಹಿಂಬದಿಯನ್ನು ನನ್ನ ಹಣೆಗಿಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದರು.

"ತಣ್ಣಗಿದೀ," ಎಂದರು.