ಪುಣೆಯ ಸೀಟು

"ನಿಮ್ಗೇನಮ್ಮ, ನಿಮ್ಮೋರೆಲ್ಲ ಸರ್ಕಾರದ ಅಳಿಯಂದಿರು. ಕೈ ಚಾಚಿದ ಕಡೆ ಸೀಟು," ಎನ್ನುತ್ತ ಸತ್ಯಮೂರ್ತಿ, ಸೋಮವ್ವ ತಂದಿಟ್ಟಿದ್ದ ಪೇಡೆಯ ಡಬ್ಬಿಯನ್ನು ಪೆನ್ಸಿಲಿನ ತುದಿಯಿಂದ ಅತ್ತ ತಳ್ಳಿದ.

ಮುಂಬಯಿಯ ಜೋಗೇಶ್ವರಿಯಲ್ಲಿದ್ದ ಅವನ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಮರಳು ಜರಡಿ ಹಿಡಿಯುವ ಸೋಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವನ ಮಗ ತಿರುಮಲೇಶ, ಅವಳ ಮಗಳು ಶರಣವ್ವ ಒಂದೇ ವರ್ಷ ಹನ್ನೆರಡನೆಯ ತರಗತಿ ಮುಗಿಸಿದವರು. ಆ ಹುಡುಗನ ಬೂಟು, ಮನೆಗೇ ಬರುವ ಮಾಸ್ತರು ಇವನ್ನೆಲ್ಲ ಕಂಡು ಸೋಮವ್ವ ವರ್ಷಾನುಗಟ್ಟಲೆ ಹೊಟ್ಟೆ ಉರಿಸಿಕೊಂಡಿದ್ದಳು. ಅವನಿಗೆ ಜ್ವರವೆಂದು ಕೇಳಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಲೋಹದ ಇಂಜಿನಿಯರಿಂಗನ್ನೇ ಓದುತ್ತೇನೆಂದು ಮಗಳು ಹಟ ಹಿಡಿದಾಗ ತಾಯಿ ಮಗಳಿಬ್ಬರೂ ಲೋಕಲ್ ರೈಲು ಹತ್ತಿ ಬೊರಿವಲಿ, ವಡಾಲ ಎಂದು ಗೊತ್ತಿದ್ದವರ ಮನೆಗಳನ್ನೆಲ್ಲ ಸುತ್ತಿದ್ದರು. ಎಲ್ಲಿ ಫೀಸು ಕಡಿಮೆ, ಎಲ್ಲಿ ಹುಡುಗಿಯರಿಗೆ ಹಾಸ್ಟೆಲಿದೆ, ಎಲ್ಲಿ ಓದಿದರೆ ನೌಕರಿ ಸಿಗುತ್ತದೆ ಎಂದು ಕೇಳಿದ್ದರು. ಒಂದು ಖಾಸಗಿ ಕಾಲೇಜಿನ ಗೇಟಿನಲ್ಲಿ ಕಾವಲಿನವನು ಡೊನೇಷನ್ ಎಷ್ಟೆಂದು ಹೇಳಿ ತಾನೇ ನಕ್ಕಿದ್ದ. ಕೊನೆಗೆ ಪುಣೆಯ ಸರ್ಕಾರಿ ಕಾಲೇಜಿನಲ್ಲಿ ಶರಣವ್ವನಿಗೆ ಸೀಟು ಸಿಕ್ಕಿತು. ತಿರುಮಲೇಶನಿಗೆ ಸಿಗಲಿಲ್ಲ. ಅದೇ ಓದಿಗೆ ಅವನಪ್ಪ ಆ ಖಾಸಗಿ ಕಾಲೇಜಿಗೆ ಡೊನೇಷನ್ ಸುರಿದಿದ್ದ.

ಈಗ ಸಾಹೇಬನ ಕಣ್ಣಲ್ಲಿ ಉರಿಯುತ್ತಿದ್ದುದು ಏನೆಂದು ಸೋಮವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಎದೆಯೊಳಗೆ ಸಾಕಿ ಬೆಳೆಸಿದ್ದ ಉರಿಯೇ ಅದು. ನೋಡುತ್ತ ನಿಂತರೆ ನಾಲಿಗೆಯ ಮೇಲೆ ಬೆಲ್ಲ ಇಟ್ಟಂತಾಯಿತು.

"ಹೆಣ್ಣುಹುಡುಗಿ ಭಟ್ಟಿ ಮುಂದೆ ನಿಂತು ಏನ್ ಕಿಸೀತಾಳೆ? ನಾಳೆಯಿಂದ ಆಫೀಸಲ್ಲಿ ಕಸ ಗುಡಿಸೋಕೆ ಬರ್ಲಿ. ಪುಣೆಗೇ ಕಳಿಸ್ತೀನಿ ಅಂತೀಯಾ, ಖೋಲಿ ಖಾಲಿ ಮಾಡು."

ಕಾರ್ಖಾನೆಯ ಹಿಂದಿನ ತಗಡಿನ ಖೋಲಿ ಬಿಟ್ಟರೆ ಅವರಿಗೆ ಬೇರೆ ಸೂರಿರಲಿಲ್ಲ.

"ನಿಮ್ಮ ಮಗಾ ಹೆಂಗ ನಿಂದರತಾನೋ ಹಂಗ ನಿಂದರತಾಳ್ರಿ ಸಾಹೇಬ್ರ," ಎಂದಳು ಸೋಮವ್ವ.

"ಮುಚ್ಚೇ ಬಾಯಿ, ಮುಂಡೆ. ನಡಿ ಆಚೆ."

ಅಷ್ಟರಲ್ಲಿ ಎರಕದ ಗಂಟೆ ಹೊಡೆಯಿತು. ಕಬ್ಬಿಣ ಕರಗಿತೆಂದರೆ ಕೂಲಿ ಹೆಂಗಸರೆಲ್ಲ ಹೊರಗೆ ಹೋಗಬೇಕು. ಅವರ ನೆರಳು ಬಿದ್ದರೆ ಎರಕ ತೂತು ಬೀಳುತ್ತದೆ ಎಂಬುದು ಅಲ್ಲಿಯ ನಂಬಿಕೆ. ಭಟ್ಟಿಗೆ ಆರತಿ ಎತ್ತಲು ಸಾಹೇಬನ ಹೆಂಡತಿ ಸುಬ್ಬಲಕ್ಷ್ಮಿ ಒಬ್ಬಳು ಒಳಗಿರಬಹುದು. ಎಲ್ಲರೊಡನೆ ಹೊರಗೆ ಹೋದ ಸೋಮವ್ವ ಖೋಲಿಯಿಂದ ಮಗಳ ಕೈ ಹಿಡಿದುಕೊಂಡು ವಾಪಸು ಬಂದಳು. ನೆಟ್ಟಗೆ ಒಳಗೆ ನಡೆದು ಅಚ್ಚುಗಳ ಸಾಲಿನ ಪಕ್ಕದಲ್ಲಿ ನಿಂತಳು.

ಎರಕದಾಳುಗಳಾದ ದಾನಪ್ಪ, ಕಾಶಪ್ಪ ಕರಗಿದ ಕಬ್ಬಿಣದ ದೊಡ್ಡ ಸೌಟನ್ನು ಆಚೆಗೊಬ್ಬ ಈಚೆಗೊಬ್ಬ ಹಿಡಿದು ಅಚ್ಚಿಗೆ ಬಗ್ಗಿಸಲಿದ್ದರು. ಸುಬ್ಬಲಕ್ಷ್ಮಿಯ ಕೈಯಲ್ಲಿ ಆರತಿ ತಟ್ಟೆ ನಿಂತಿತು.

"ಆ ಮುಂಡೇವು ಆಚೆ ಹೋಗೋವರ್ಗೂ ಒಂದ್ ತೊಟ್ಟೂ ಸುರೀಬೇಡ್ರೋ," ಸತ್ಯಮೂರ್ತಿ ಕೂಗಿದ.

"ಆರಾಕತ್ತೈತ್ರಿ ಸಾಹೇಬ್ರ," ಎಂದ ದಾನಪ್ಪ.

ಸೋಮವ್ವ ಮಗಳನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ದೂಡಿದಳು.

"ಮಾರಿ ತಿರುವಬ್ಯಾಡ. ಕಣ್ತೆರದು ನೋಡು."

ಸೌಟಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಕಬ್ಬಿಣ ಹಳದಿಗೆ ತಿರುಗಿತು, ಆಮೇಲೆ ಕೆಂಪಿಗೆ. ಅಂಚಿನಿಂದ ಕಪ್ಪು ಕೆನೆ ಕಟ್ಟತೊಡಗಿತು; ಇನ್ನು ಅದು ಅಚ್ಚಿಗೆ ಇಳಿಯುವಂತಿರಲಿಲ್ಲ. ಯಾರೂ ಕದಲಲಿಲ್ಲ.