ಶನಿವಾರದ ಒಪ್ಪೊತ್ತು

ಹೊಳೆನರಸೀಪುರದ ನರಸಮ್ಮನವರ ಮನೆಯಲ್ಲಿ ಶನಿವಾರ ರಾತ್ರಿ ಅನ್ನಕ್ಕೆ ರಜ. ಅವತ್ತು ಒಪ್ಪೊತ್ತು, ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿಗೆ ಫಲಾಹಾರ. ಹೆಸರಿಗೆ ಉಪವಾಸ, ಒಲೆಯ ಮೇಲೆ ಬಾಣಲೆ ತುಂಬ ಗೋಧಿ ರವೆ ಉಪ್ಪಿಟ್ಟು, ಇಲ್ಲವೇ ತುಪ್ಪ ಸವರಿದ ಚಪಾತಿ. ಮನೆದೇವರು ನರಸಿಂಹನಿಗೆ ಅದರಿಂದೇನು ಸಂತೋಷವೋ, ಅವನನ್ನೇ ಕೇಳಬೇಕು.

ಸೊಸೆ ಸರಸಳಿಗಂತೂ ಭಾನುವಾರ ಬಂದರೆ ಸಾಕು, ಹೊಟ್ಟೆ ಬಿಂದಿಗೆಯಂತೆ ಊದಿಕೊಳ್ಳುವುದು, ತಲೆ ಮಂಕು, ಕೈಕಾಲಲ್ಲಿ ಕಸುವಿಲ್ಲ. ವಾರವೆಲ್ಲ ಹೈಸ್ಕೂಲಿನಲ್ಲಿ ಗಟ್ಟಿಯಾಗಿ ಪಾಠ ಹೇಳುವ ಟೀಚರು ಭಾನುವಾರ ಮಾತ್ರ ಹಾಸಿಗೆ ಬಿಟ್ಟು ಏಳದಿದ್ದರೆ ಜನ ಸುಮ್ಮನಿರುತ್ತಾರೆಯೇ? "ಮನೆಗೆಲಸ ಅಂದ್ರೆ ಬರೋ ಕಾಯಿಲೆ," ಎಂದು ಓರಗಿತ್ತಿ ನಕ್ಕಳು. ಗಂಡ ವರದರಾಜನೂ ಜೊತೆಗೆ ನಕ್ಕ. ಅತ್ತೆ ನರಸಮ್ಮ ನಗಲಿಲ್ಲ, ಏನೂ ಅನ್ನಲೂ ಇಲ್ಲ. ಆ ಮೌನಕ್ಕೇ ಸರಸ ಹೆಚ್ಚು ಹೆದರುತ್ತಿದ್ದಳು.

ಎರಡು ಸಾವಿರದ ಏಳನೇ ಇಸವಿಯಲ್ಲಿ ಹಾಸನದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಗಂಟಲಿನಿಂದ ಪೈಪು ಇಳಿಸಿಯೂ ನೋಡಿದರು. ಕರುಳು ಚೆನ್ನಾಗಿತ್ತು.

"ಗೋಧಿಯಿಂದ ಕರುಳೇ ಹಾಳಾಗೋ ಕಾಯಿಲೆ ಒಂದಿದೆ, ನಿಮಗದಿಲ್ಲ. ಆದ್ರೆ ಅದಿಲ್ಲದೇನೂ ಕೆಲವರಿಗೆ ಗೋಧೀಲಿರೋ ಪ್ರೋಟೀನು ಆಗಿಬರಲ್ಲ. ಅದನ್ನ ತೋರಿಸೋ ಪರೀಕ್ಷೆ ಇಲ್ಲಮ್ಮ. ಗೋಧಿ ಬಿಟ್ಟು ನೋಡಿ," ಎಂದರು.

ರೋಗವಿಲ್ಲ ಎಂದರೆ ಯಾರಿಗಾದರೂ ಸಮಾಧಾನವಾಗಬೇಕು. ಸರಸ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಸಂಕಟಕ್ಕೆ ಸಾಕ್ಷಿಯೇ ಇಲ್ಲ. ಇನ್ನು ನಂಬುವವರು ಯಾರು?

"ಏನೂ ಇಲ್ವಂತಮ್ಮ," ಎಂದ ವರದರಾಜ, ಚಪ್ಪಲಿ ಬಿಡುತ್ತಾ.

"ಏನೂ ಇಲ್ದೇ ಹೊಟ್ಟೆ ಹಾಗೆ ಊದತ್ತೇನೋ? ನಾನು ನೋಡಿಲ್ವಾ?" ನರಸಮ್ಮ ಮಗನನ್ನು ಗದರಿದರು. "ಡಾಕ್ಟ್ರು ಏನಂದ್ರು, ನೀನು ಹೇಳೇ ಸರಸ."

ಸರಸ ಎಲ್ಲವನ್ನೂ ಹೇಳಿದಳು. ಅತ್ತೆ "ಹೂಂ" ಎಂದು ಒಳಗೆ ಹೋದರು.

ಆ ಶನಿವಾರ ರಾತ್ರಿ ಅಡುಗೆಮನೆಯಲ್ಲಿ ಅನ್ನ ಬೇಯುವ ವಾಸನೆ! ಸರಸ ಗಾಬರಿಯಿಂದ ಓಡಿಬಂದಳು. ತಟ್ಟೆಯಲ್ಲಿ ಬಿಸಿ ಅನ್ನ, ಮೆಣಸಿನ ಸಾರು.

"ಅತ್ತೆ, ಇವತ್ತು ಶನಿವಾರ!"

"ನಂಗೆ ಗೊತ್ತಿಲ್ವೇನೇ? ಕೂತ್ಕೋ, ಆರಿಹೋಗತ್ತೆ."

"ಒಪ್ಪೊತ್ತು ಬಿಟ್ಟ ಹಾಗಾಗಲ್ವಾ?"

"ಯಾರು ಬಿಟ್ರು? ನಿನ್ನ ಪಾಲಿಂದೂ ನಾನೇ ಮಾಡ್ತೀನಿ ಅಂತ ದೇವರ ಮುಂದೆ ಹೇಳ್ಕೊಂಡಿದೀನಿ. ಇನ್ಮೇಲೆ ಶನಿವಾರ ರಾತ್ರಿ ನಂಗೆ ಉಪ್ಪಿಟ್ಟೂ ಬೇಡ, ಒಂದು ಲೋಟ ಹಾಲು ಸಾಕು."

ಯಾವ ಪರೀಕ್ಷೆಗೂ ಸಿಗದ ನೋವನ್ನು ಅತ್ತೆ ಹಾಗೇ ನಂಬಿಬಿಟ್ಟಿದ್ದರು. ಇವರಿಗೆ ಹೆದರಿಕೊಂಡು ಇಷ್ಟು ವರ್ಷ ಕಳೆದೆನಲ್ಲ ಎಂದು ಸರಸಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಜೀವ ತಂಪಾಯಿತು. ಸಾರು ಕಲಸಿ, ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡಳು.

ಭಾನುವಾರ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲು ಎದ್ದು ಡಿಕಾಕ್ಷನ್ ಇಳಿಸಿದಳು. ಮೊದಲ ಲೋಟ ಕಾಫಿಯನ್ನು, ತನ್ನ ಪಾಲಿಗೂ ಸೇರಿಸಿ ಹಸಿದು ಮಲಗಿದ್ದವರ ಬಳಿಗೆ ಒಯ್ದಳು.