ಕೃಷ್ಣೆಯ ಊರಿಗೆ ಹೋದ ಸ್ಯಾಂಪಲ್

ವೈಶಾಖದ ಬಿಸಿಲಿನಲ್ಲಿ ಯಾರಿಗಾದರೂ ನೆಗಡಿಯಾದರೆ ತೆಲುಗು ಸೀಮೆಯ ಗಾಜುವಾಕದ ಜನ ಕಾರಣಕ್ಕೆ ತಡಕಾಡುವುದಿಲ್ಲ. ಫ್ಯಾಕ್ಟರಿ ಧೂಳು, ಫ್ರಿಜ್ ನೀರು, ಕಂಪನಿ ಬಸ್ಸಿನ ಏಸಿ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಕಮಲಾಕ್ಷಮ್ಮನವರಿಗೆ ಗಂಟಲು ಕೆರೆದು ಮೈ ಬೆಚ್ಚಗಾದಾಗ ಅವರೂ ಹಾಗೇ ಅಂದುಕೊಂಡರು. ಮೆಣಸಿನ ಕಷಾಯ ಕುಡಿದು ಪ್ರಯಾಣದ ಚೀಲಕ್ಕೆ ಬಟ್ಟೆ ಮಡಿಸತೊಡಗಿದರು.

ಆ ಪ್ರಯಾಣಕ್ಕಾಗಿ ಅವರು ನಾಲ್ಕು ವರ್ಷದಿಂದ ಕಾಯುತ್ತಿದ್ದರು. ಹಾಸನದ ಕಡೆಯವರು. ಗಂಡ ಬಾಲಚಂದ್ರ ಬ್ಯಾಂಕ್ ಅಧಿಕಾರಿ. ವರ್ಗವಾಗಿ ಗಾಜುವಾಕಕ್ಕೆ ಬಂದವರಿಗೆ ಮತ್ತೆ ವಿಜಯವಾಡಕ್ಕೆ ವರ್ಗವಾಯಿತು. ಮಕ್ಕಳ ಓದಿಗಾಗಿ ಸಂಸಾರ ಇಲ್ಲೇ ಉಳಿಯಿತು. ಕರೋನಾದ ಎರಡನೆಯ ಅಲೆ ಬಂದ ಬೇಸಿಗೆಯಲ್ಲಿ ಬಾಲಚಂದ್ರ ವಿಜಯವಾಡದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಖ ನೋಡಲಾಗಲಿಲ್ಲ. ಅಸ್ಥಿಯನ್ನು ಕೃಷ್ಣಾ ನದಿಯಲ್ಲಿ ಬಿಟ್ಟೆವೆಂದು ಯಾರೋ ಪುಣ್ಯಾತ್ಮರು ಫೋನಿನಲ್ಲಿ ಹೇಳಿದರು, ಅಷ್ಟೆ.

ಈಗ ಮಗಳು ಹರಿಣಿಯ ಸಂಸಾರ ವಿಜಯವಾಡದಲ್ಲಿ. ಅವಳಿಗೆ ದಿನ ತುಂಬುತ್ತಿತ್ತು. ಈ ಸಲ ತಿಥಿಯನ್ನು ಕೃಷ್ಣೆಯ ದಡದಲ್ಲೇ ಮಾಡಿಸಿ, ಬಾಣಂತನಕ್ಕೆ ಅಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು. ಚೀಲದ ತಳದಲ್ಲಿ ಮಗಳಿಗೆಂದು ತರಿಸಿದ ಮಂಗಳಗಿರಿ ಕೈಮಗ್ಗದ ಸೀರೆಯೂ ಇತ್ತು.

ಸಂಜೆ ಮೇಲಿನ ಮನೆಯ ಮಾನಸ ಹಾಲಿಗೆ ಹೆಪ್ಪು ಕೇಳಲು ಬಂದಳು. ದಾವಣಗೆರೆಯ ಹುಡುಗಿ, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಕೆಮ್ಮು ಕೇಳಿ ಬಾಗಿಲಲ್ಲೇ ನಿಂತಳು.

"ಏನ್ರೀ ಅಮ್ಮ, ಎಷ್ಟು ದಿನ ಆತು ಇದು?"

"ನಿನ್ನೆಯಿಂದ. ಏನಿಲ್ಲ ಬಾರೆ."

"ಇಲ್ಲೇ ಇರ್ತೀನಿ. ಪೇಪರ್ ನೋಡಿಲ್ಲೇನ್ರಿ? ಕರೋನಾ ಮತ್ತೆ ತಲೆ ಎತ್ತೇತಿ. ಒಂದು ಟೆಸ್ಟ್ ಮಾಡಿಸ್ರಿ."

ಪರವಾಡದ ಔಷಧಿ ಕಂಪನಿಯಿಂದ ಆಗ ತಾನೇ ಬಂದು ಬೂಟು ಬಿಚ್ಚುತ್ತಿದ್ದ ಮಗ ಕಿರಣ್ ನಕ್ಕ. "ಆಯ್ತು ಮಾನಸ, ಬೆಳಿಗ್ಗೆ ನಾನೇ ಕಿಟ್ ತಂದು ನೋಡ್ದೆ. ಒಂದೇ ಗೆರೆ, ನೆಗೆಟಿವ್. ಪರವಾಲೇದಮ್ಮಾ, ಏನೂ ತೊಂದರೆಯಿಲ್ಲ, ನೀನು ಹೊರಡು."

"ನಿಮ್ಮ ಕಂಪನ್ಯಾಗೆ ಒಂದೇ ಒಂದು ಟೆಸ್ಟ್ ಮಾಡಿ ಮಾತ್ರೆ ಹೊರಗೆ ಬಿಡ್ತೀರೇನು?"

ಕಿರಣ್ ಬೂಟಿನ ಕಡೆ ನೋಡಿದ. "ಹಾಗೆ ಬಿಟ್ರೆ ನನ್ನನ್ನೇ ಹೊರಗೆ ಬಿಡ್ತಾರೆ."

"ಮತ್ತೆ? ಜ್ವರ ಸುರು ಆದ ಹೊಸದರಾಗೆ ಮನೆ ಕಿಟ್ಟಿಗೆ ಸಿಗದೇ ಹೋಗಬಹುದು. ಸಿಕ್ಕರೂ ಅದು ಹೇಳೋದು ಐತಿ, ಇಲ್ಲ, ಅಷ್ಟೇ. ಯಾವ ರೂಪದ ವೈರಸ್ಸು ಅಂತ ಹೇಳಂಗಿಲ್ಲ. ಕಿಟ್ ಕಸದ ಬುಟ್ಟಿಗೆ ಹೋತು ಅಂದ್ರೆ ಊರಿಗೆ ಏನೂ ತಿಳಿಯಂಗಿಲ್ಲ."

"ರೂಪ ಅಂದ್ರೆ?" ಕಮಲಾಕ್ಷಮ್ಮ ಕೇಳಿದರು.

ಮಾನಸ ಚೀಲದಲ್ಲಿ ಕಾಣುತ್ತಿದ್ದ ಸೀರೆಯ ಅಂಚನ್ನು ತೋರಿಸಿದಳು. "ಒಂದು ಮಗ್ಗದ ಸೀರೆ ನೋಡಿ ಇನ್ನೊಂದು ಮಗ್ಗದಾಗೆ ನೇಯ್ತಾರೆ ಅಂದ್ಕೊಳ್ಳಿ. ನೇಯ್ತಾ ನೇಯ್ತಾ ಎಲ್ಲೋ ಒಂದೆಳೆ ತಪ್ಪುತ್ತೆ. ಮುಂದಿನ ಸೀರೆಗೂ ಅದೇ ತಪ್ಪು ಹೋಗುತ್ತೆ. ವೈರಸ್ಸೂ ಹಂಗೇ, ಮೈಯಿಂದ ಮೈಗೆ ಹೋಗ್ತಾ ಬದಲಾಗ್ತತಿ. ಎಷ್ಟೋ ಬದಲಾವಣೆಯಿಂದ ಏನೂ ಆಗಂಗಿಲ್ಲ. ಯಾವಾಗಲೋ ಒಂದು ಸಲ ಜೋರಾಗಿ ಹಬ್ಬೋ ರೂಪ ಬರ್ತತಿ. ಲ್ಯಾಬಿನಾಗೆ ಪಾಸಿಟಿವ್ ಬಂದ ಕೆಲವು ಸ್ಯಾಂಪಲ್ ವಿಜಯವಾಡಕ್ಕೆ ಕಳಿಸ್ತೀವಿ. ಅಲ್ಲಿ ಎಳೆ ಎಳೆ ಬಿಡಿಸಿ ಓದ್ತಾರೆ. ಹೊಸದು ಕಂಡರೆ ಆಸ್ಪತ್ರೆಗಳು ಮೊದಲೇ ಎಚ್ಚರ ಆಗ್ತಾವೆ."

"ತಿಥಿ ಹತ್ತಿರ ಬಂತು ಕಣೆ. ನಾನು ಮಡೀಲಿರಬೇಕು. ಗಂಟಲಿಗೆ ಕಡ್ಡಿ ಹಾಕಿಸ್ಕೊಂಡು, ಆ ಎಂಜಲನ್ನ ಕೃಷ್ಣೆಯ ಊರಿಗೆ ಕಳಿಸೋದಾ?"

ಮಾನಸ ನಗಲಿಲ್ಲ. "ಎಂಜಲು ಅಂದ್ರೇನಮ್ಮ? ನನ್ನ ಬಾಯಿದು ಇನ್ನೊಬ್ಬರಿಗೆ ತಾಗಬಾರದು ಅಂತ ತಾನೆ? ನಮ್ಮ ಲ್ಯಾಬಿನ ಮಡಿ ನಿಮ್ಮ ಅಡುಗೆಮನೆಗಿಂತ ಜೋರು. ಒಂದು ರೂಮಿನ ಕೋಟು ಇನ್ನೊಂದು ರೂಮಿಗೆ ತರಂಗಿಲ್ಲ. ಕೈ ತೊಳೆಯದೆ ಬಾಗಿಲು ಮುಟ್ಟಂಗಿಲ್ಲ. ಅಲ್ಲಿ ಎಂಜಲು ಯಾರಿಗೂ ತಾಗಂಗಿಲ್ಲ. ರೈಲಿನಾಗೆ ತಾಗ್ತತಿ. ಹರಿಣಿ ಅಕ್ಕನ ಮನೆಯಾಗೆ ತಾಗ್ತತಿ."

"ಕರೋನಾ ಇಂಜೆಕ್ಷನ್ ಹಾಕಿಸ್ಕೊಂಡಿದೀನಿ. ಸುಮ್ನೆ ಹೆದರಿಸಬೇಡ. ಬರೀ ನೆಗಡಿ, ಎರಡು ದಿನಕ್ಕೆ ಹೋಗುತ್ತೆ."

ಹೇಳಿದ ಮೇಲೆ ಅವರ ಕೈ ಮಡಿಸುತ್ತಿದ್ದ ಟವೆಲಿನ ಮೇಲೆ ಹಾಗೇ ನಿಂತಿತು.

ಆ ಮಾತನ್ನು ಅವರು ಮೊದಲೂ ಕೇಳಿದ್ದರು. ವಿಜಯವಾಡದಲ್ಲಿ ಬಾಲಚಂದ್ರರ ಜೊತೆ ರೂಮಿನಲ್ಲಿದ್ದವನು ದಿನೇಶ, ಅದೇ ಬ್ಯಾಂಕಿನ ಗುಮಾಸ್ತ. ಒಂದು ದಿನ ಗಂಡ ಫೋನಿನಲ್ಲಿ ಹೇಳಿದ್ದರು: "ದಿನೇಶನಿಗೆ ಮೈ ಬಿಸಿ ಕಣೆ. ಟೆಸ್ಟ್ ಮಾಡಿಸೋ ಅಂದ್ರೆ, ಬ್ಯಾಂಕಿನ ಏಸಿ ಸಾರ್, ಬರೀ ನೆಗಡಿ, ಎರಡು ದಿನಕ್ಕೆ ಹೋಗುತ್ತೆ ಅಂತಾನೆ. ಅವನೇ ಸಾರು ಮಾಡ್ದ. ಇಬ್ಬರೂ ಉಂಡ್ವಿ." ದಿನೇಶನಿಗೆ ಎರಡು ದಿನಕ್ಕೆ ಹೋಯಿತು. ಬಾಲಚಂದ್ರರಿಗೆ ಅಂಟಿದ್ದು ಹೋಗಲಿಲ್ಲ. ಇಂದಿಗೂ ದಿನೇಶ ವರ್ಷಕ್ಕೊಮ್ಮೆ ಫೋನ್ ಮಾಡಿ, ಮಾತು ಹೊರಡದೆ ಅಳುತ್ತಾನೆ. ಕಮಲಾಕ್ಷಮ್ಮ ಅವನನ್ನು ಬೈದವರಲ್ಲ. ಒಳ್ಳೆಯ ಹುಡುಗ, ಬೇಕೆಂದು ಮಾಡಿದನೆ?

ಅವರು ಟವೆಲನ್ನು ಚೀಲಕ್ಕೆ ಹಾಕದೆ ಪಕ್ಕಕ್ಕಿಟ್ಟರು.

"ನಾನೂ ಬೇಕೂಂತ ಮಾಡ್ತಿರಲಿಲ್ಲ," ಎಂದರು, ಯಾರಿಗೆಂದಿಲ್ಲದೆ. ಆಮೇಲೆ, "ಕಿರಣ, ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪ. ನೀನೂ ಸ್ಯಾಂಪಲ್ ಕೊಡು."

ಮರುದಿನ ಮಾಸ್ಕ್ ಹಾಕಿಕೊಂಡು ಹೋಗಿ ತಾಯಿ ಮಗ ಇಬ್ಬರೂ ಸ್ಯಾಂಪಲ್ ಕೊಟ್ಟರು. ವಿಳಾಸ ಕೇಳಿದಾಗ ಕಿರಣ್ ಅಭ್ಯಾಸಬಲದಿಂದ ಹಾಸನದ ಮನೆಯದು ಹೇಳತೊಡಗಿದ. ಅಮ್ಮ ಮೊಣಕೈ ತಿವಿದರು. "ಜ್ವರ ಬಂದಿರೋದು ಗಾಜುವಾಕದಲ್ಲಿ. ಇಲ್ಲೀದೇ ಹೇಳು."

ವರದಿ ಬಂತು. ಕಮಲಾಕ್ಷಮ್ಮನವರಿಗೆ ಪಾಸಿಟಿವ್, ಕಿರಣನಿಗೆ ನೆಗೆಟಿವ್. ವೈದ್ಯರು ಪರೀಕ್ಷಿಸಿ, ಮಾತ್ರೆ ಕೊಟ್ಟು, ಬೇರೆ ಕೋಣೆಯಲ್ಲಿರಲು ಹೇಳಿದರು. ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದರು. ವಿಜಯವಾಡಕ್ಕೆ ಕಳಿಸಲು ಆರಿಸಿದ ಸ್ಯಾಂಪಲ್‌ಗಳಲ್ಲಿ ಇವರದೂ ಇತ್ತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದು ಹೊರಟ ದಿನವೇ ಇವರೂ ಹೊರಡಬೇಕಾಗಿತ್ತು. ಸ್ಯಾಂಪಲ್ ಹೋಯಿತು. ಇವರು ಉಳಿದರು.

ತಿಥಿಯ ದಿನ ಅವರು ಕಿಟಕಿಯ ಬಳಿ ಕೂತರು. ಅಳಿಯ ಧನಂಜಯ ಕೃಷ್ಣೆಯ ಸ್ನಾನಘಟ್ಟಕ್ಕೆ ಹೋಗಿ ಫೋನಿನಲ್ಲಿ ನದಿಯನ್ನು ತೋರಿಸಿದ. ಕಮಲಾಕ್ಷಮ್ಮ ಫೋನನ್ನು ಗೋಡೆಗೆ ಆನಿಸಿಟ್ಟು ಕೈ ಮುಗಿದರು.

"ಅಮ್ಮಾ, ನೀನು ಬರ್ತೀಯ ಅಂತ ಮಂಚ ಎಲ್ಲ ಹಾಕಿಸಿದ್ದೆ," ಅಂದಳು ಹರಿಣಿ, ಆಮೇಲೆ ಮನೆಯಿಂದ ಫೋನ್ ಮಾಡಿ.

"ಹಾಗೇ ಇರಲಿ ಮಗಳೇ. ಬರ್ತೀನಿ."

ಹೆರಿಗೆಗೆ ಅವರು ಇರಲಾಗಲಿಲ್ಲ. ಆ ಕೊರಗು ಹೋಗುವಂಥದ್ದಲ್ಲ. ಆದರೆ ತಾಯಿ ಮಗು ಇಬ್ಬರೂ ಕ್ಷೇಮ.

ಸ್ಯಾಂಪಲ್‌ನ ಫಲಿತಾಂಶ ಬಂದದ್ದು ಎಷ್ಟೋ ದಿನದ ಮೇಲೆ. ಈಗ ಹಬ್ಬುತ್ತಿರುವ, ತಜ್ಞರು ಕಣ್ಣಿಟ್ಟಿರುವ ರೂಪವೇ ಅದು ಎಂದು ಮಾನಸ ತಿಳಿಸಿದಳು.

"ಹೊಸದಲ್ವಲ್ಲ. ಹಾಗಾದ್ರೆ ಕೊಟ್ಟಿದ್ದು ದಂಡವಾಯ್ತೇನೆ?"

"ಹೊಸದು ಬಂದಿಲ್ಲ ಅನ್ನೋದೂ ಗೊತ್ತಾಗಬೇಕಲ್ಲಮ್ಮ. ಯಾರೂ ಕೊಡದಿದ್ರೆ ಅದು ಹೆಂಗೆ ಗೊತ್ತಾಗ್ತತಿ?"

ಪೂರ್ಣ ಗುಣವಾದ ಮೇಲೆ ಕಮಲಾಕ್ಷಮ್ಮ ವಿಜಯವಾಡಕ್ಕೆ ಹೋದರು. ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ಸ್ನಾನಘಟ್ಟಕ್ಕೆ ಹೋಗಿ, ಕೊನೆಯ ಮೆಟ್ಟಿಲಲ್ಲಿ ಕೂತು, ನೀರಿನಲ್ಲಿ ಕಾಲಿಟ್ಟರು. "ತಡವಾಯ್ತು ಕಣ್ರೀ," ಎಂದು ನದಿಗೆ ಹೇಳಿದರು. "ಆದರೆ ಮಗಳ ಮನೆಗೆ ಏನೂ ಹೊತ್ತುಕೊಂಡು ಬರಲಿಲ್ಲ."

ತಾಯಂದಿರೇ, ಅಣ್ಣ ತಮ್ಮಂದಿರೇ, ಊರು ಬಿಟ್ಟು ಊರಿಗೆ ದುಡಿಯಲು ಬಂದವರೇ. ಸೋಂಕು ಹಬ್ಬಿದ ಕಾಲದಲ್ಲಿ ಜ್ವರ, ಕೆಮ್ಮು ಕಂಡರೆ ಪ್ರಯಾಣ ನಿಲ್ಲಿಸಿ, ಮಾಸ್ಕ್ ಹಾಕಿ. ಮನೆಯ ಕಿಟ್ ಒಂದೇ ಗೆರೆ ತೋರಿಸಿದರೂ ವೈದ್ಯರನ್ನು ಕೇಳಿ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಈಗ ಇರುವ ಮನೆಯ ವಿಳಾಸವನ್ನೇ ಕೊಡಿ. ಬಸುರಿ, ಬಾಣಂತಿ, ವಯಸ್ಸಾದವರಿಂದ ಗುಣವಾಗುವವರೆಗೆ ದೂರವಿರಿ. ನಿಮ್ಮ ಒಂದು ಸ್ಯಾಂಪಲ್ ನೀವು ಎಂದೂ ಕಾಣದ ಯಾರದೋ ಮನೆಯ ದೀಪವನ್ನು ಕಾಯಬಹುದು. "ಬರೀ ನೆಗಡಿ" ಎಂಬ ಮಾತು ಬಾಯಿಗೆ ಬಂದಾಗ, ಅದೇ ಮಾತು ಕೇಳಿ ಸಾರನ್ನ ಉಂಡು ಕೈ ತೊಳೆದ ಬಾಲಚಂದ್ರರನ್ನು ನೆನೆದುಕೊಳ್ಳಿ.